ಒಡೆದ ಹಿಡಿಯ ಕಾಯಿಲ್

ಇದು ನಡೆದದ್ದು ಪುಷ್ಯಮಾಸದ ಒಂದು ಶುಕ್ರವಾರ ಬೆಳಿಗ್ಗೆ.

ತುಂಗಭದ್ರೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿಯ ಗುರು ವಿಮಲಾತಾಯಿ. ಆಶ್ರಮಕ್ಕೆ ಬೇಕಾದ ಸಾಮಾನು ತರುವವನು ಶಿಷ್ಯ ಹಾಲೇಶ.

ಸ್ನಾನದ ಬಕೆಟ್ಟಿನಲ್ಲಿ ನೀರು ಕಾಯಿಸಲು ಇಳಿಬಿಟ್ಟ ಕರೆಂಟಿನ ಕಾಯಿಲ್ ನೋಡಿ ತಾಯಿ ಕೇಳಿದರು: "ಈ ಕಾಯಿಲ್ ಹೊಸದೇ?"

"ಹೌದು ತಾಯಿ. ಮೊದಲು ತಂದದ್ದರ ಹಿಡಿ ಒಡೆದಿತ್ತು. ನೀರು ಮುಟ್ಟಿದರೆ ಮೊಣಕೈವರೆಗೆ ಜುಮ್ಮೆನ್ನುತ್ತಿತ್ತು. ಹೋದ ವಾರ ಅಂಗಡಿಯ ಕೊಟ್ರಪ್ಪನಿಗೆ ರಶೀದಿ ತೋರಿಸಿದೆ. ಗ್ರಾಹಕರ ನ್ಯಾಯಾಲಯದ ಹೆಸರೆತ್ತಿದೆ. ಮರುಮಾತಾಡದೆ ಬೇರೆ ಕೊಟ್ಟ."

ಅವನ ದನಿಯಲ್ಲಿ ಹೆಮ್ಮೆಯಿತ್ತು.

"ಹಳೆಯದನ್ನು ಅವನು ಏನು ಮಾಡಿದ?"

"ಬಟ್ಟೆಯಿಂದ ಒರೆಸಿದ."

"ಎಸೆಯುವ ವಸ್ತುವನ್ನು ಯಾರಾದರೂ ಒರೆಸುತ್ತಾರೆಯೇ?"

ಕೊಟ್ರಪ್ಪ ಅದನ್ನು ಒರೆಸಿ, ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿದ್ದನ್ನು ಹಾಲೇಶ ನಿಂತು ನೋಡಿದ್ದ.

ತಾಯಿ ಸ್ನಾನ ಮಾಡಲಿಲ್ಲ. ಚಪ್ಪಲಿ ಮೆಟ್ಟಿ ಹಾಲೇಶನೊಂದಿಗೆ ಅಂಗಡಿಗೆ ಹೊರಟರು.

ಅಂದು ಕೊಟ್ರಪ್ಪ ಮಾಲು ತರಲು ದಾವಣಗೆರೆಗೆ ಹೋಗಿದ್ದ. ಅಂಗಡಿಯಲ್ಲಿ ಅವನ ಹೆಂಡತಿ ಹೊನ್ನಮ್ಮ ಕುಳಿತಿದ್ದಳು.

"ಹಿಡಿ ಒಡೆದಿದ್ದಾ? ಸೋಮವಾರ ಇವರಿಗೆ ಜ್ವರ, ನಾನೇ ಮಾರಿದೆ. ಮೇದಾರ ಓಣಿ ಗಂಗವ್ವ ಒಯ್ದಳು. ಅವಳ ಸೊಸೆ ಹಡೆದಾಳಲ್ಲ, ದಿನಾ ಎರಡು ಹೊತ್ತು ನೀರು ಕಾಯ್ಬೇಕು."

"ಅದು ಶಾಕ್ ಹೊಡೆಯುತ್ತದೆ," ಎಂದ ಹಾಲೇಶ.

"ಎಲ್ಲಾ ಕಾಯಿಲೂ ಒಂದಿಷ್ಟು ಹೊಡೀತಾವೆ ಸ್ವಾಮಿ. ಆಶ್ರಮದೋರ ಮೈ ಬಾಳ ನಾಜೂಕು."

ತಾಯಿ ಕೇಳಿದರು: "ಕಾಯಿಲ್ ಇನ್ನೆಷ್ಟು ಉಳಿದಿವೆ?"

"ಒಂದೂ ಇಲ್ಲ ತಾಯಿ. ಚಳಿ ನೋಡಿ, ನಿನ್ನೆಗೇ ಎಲ್ಲಾ ಖಾಲಿ."

ದಾರಿಯಲ್ಲಿ ಹಾಲೇಶ ಕೇಳಿದ: "ತಾಯಿ, ನಾನು ನನ್ನ ಹಕ್ಕನ್ನಷ್ಟೇ ಕೇಳಿದೆ. ಅದು ತಪ್ಪೇ?"

"ತಪ್ಪಲ್ಲ."

"ಮತ್ತೆ?"

"ಬೇಗ ನಡೆ."

ಅವನು ಓಡಿದ. ಬಾಣಂತಿಗೆ ಎರೆಯುವವರು ಮೊದಲು ಬಕೆಟ್ಟಿಗೆ ಕೈ ಅದ್ದಿ ಹದ ನೋಡುತ್ತಾರೆ. ಓಡುವಾಗ ಅವನ ಕಣ್ಣ ಮುಂದೆ ಆ ಕೈ ಒಂದೇ ಇತ್ತು.

ಗಂಗವ್ವನ ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಕೂಸು ಅಳುತ್ತಿತ್ತು. ಯಾರೂ ಅದನ್ನು ಸಂತೈಸುತ್ತಿರಲಿಲ್ಲ.

ಅವನು ಬಾಗಿಲು ಬಡಿದ. ಬಚ್ಚಲ ಕಿಂಡಿಯಿಂದ ಹಬೆ ಬರುತ್ತಿತ್ತು. ಮತ್ತೆ ಬಡಿದ. ಕೂಸಿನ ಅಳು ಮಾತ್ರ ಕೇಳಿಸಿತು.

ತಾಯಿಯೂ ಬಂದು ನಿಂತರು.

ಅಗುಳಿ ಸರಿಯಿತು. ಮೊಣಕೈವರೆಗೆ ಒದ್ದೆಯಾದ ಗಂಗವ್ವ ಹೊರಬಂದಳು.

"ಬಾಗಿಲು ಮುರೀತಿಯೇನೋ ತಮ್ಮ? ಸೊಸೆಗೆ ಎರೀತಿದ್ದೆ. ಕೂಸು ಒಂದು ಗಳಿಗೆ ಅತ್ತರೆ ಏನಾಯ್ತು?"

"ಆ ಕಾಯಿಲ್..." ಎಂದ ಹಾಲೇಶ.

"ಅದಾ? ಅವತ್ತೇ ಕೈ ಜಗ್ಗಿ ಹಿಡೀತು. ನಾನೇನು ಬಿಡೋಳಾ? ಮಂಗಳವಾರ ಒಯ್ದು, ಅಂಗಡೀಲಿ ಒಬ್ಬನೇ ಇದ್ದ ಕೊಟ್ರಪ್ಪನ ಮುಂದೆ ಒಗೆದೆ. ಬಾಯಿ ಮಾಡಿ ಬೇರೆ ತಂದೆ."

ಒಳಗಿನಿಂದ ಸೊಸೆ ರೇಣುಕೆ ನಕ್ಕಳು. "ಊರೆಲ್ಲಾ ಕೇಳ್ತು ನಮ್ಮತ್ತೆ ಬಾಯಿ."

ಹಾಲೇಶ ಹೊಸ್ತಿಲ ಮೇಲೆ ಕುಳಿತ. ಅವನಿಗೂ ನಗು ಬಂತು.

"ಪಾರಾದರು ತಾಯಿ. ಜಾಣೆ ಈಕೆ."

ತಾಯಿ ನಗಲಿಲ್ಲ. ಅವರು ಓಣಿಯ ಕಡೆ ನೋಡುತ್ತಿದ್ದರು. ಅದರುದ್ದಕ್ಕೂ ಬಚ್ಚಲುಗಳಿಂದ ಹಬೆ ಏಳುತ್ತಿತ್ತು.

"ನೀನೂ ಜಾಣ, ಹಾಲೇಶ. ಈಕೆಯೂ ಜಾಣೆ. ಅದಕ್ಕೇ ಅದು ಮತ್ತೆ ಮಾರಿಹೋಗಿ ಇನ್ನೂ ಊರಿನಲ್ಲಿದೆ."

ಆಗ ಅಲ್ಲಿದ್ದವರು: ವಿಮಲಾತಾಯಿ, ಹಾಲೇಶ, ಗಂಗವ್ವ, ರೇಣುಕೆ, ಇನ್ನೂ ಹೆಸರಿಡದ ಕೂಸು.