ಮಣ್ಣು ಮೊದಲು ಒಣಗಿದ ಜಾಗ

“ಕೇಳಿರಪ್ಪೋ ಕೇಳಿ! ಬಾಣಂತಿ ರಾಣಿಯವರು ಜ್ವರದಲ್ಲಿ ಮಲಗಿದ್ದಾರೆ. ಅವರು ಕೇಳುವ ಮೂರು ಒಗಟು ಬಿಡಿಸಿದವನಿಗೆ ಒಂದು ಊರು ಉಂಬಳಿ. ತಪ್ಪಿದವನ ತಲೆ ಉಳಿಯದು!”

ಕಲ್ಲುಕೋಟೆಯ ರಾಜ ಕೆಂಚರಸ ಹೀಗೆ ಡಂಗುರ ಹೊಡೆಸಿದ. ನೋವು ಎಲ್ಲಿದೆಯೆಂದು ಗಂಡಸರೆದುರು ಬಾಯಿಬಿಡಲಾರದ ರಾಣಿ ಪದುಮಲೆ, ಒಗಟಿನಲ್ಲಾದರೆ ಹೇಳಿಯೇನು ಎಂದಿದ್ದಳು. ಅಂತಃಪುರದ ವಿಷಯವನ್ನು ಬಾಯಿಗೆ ಬಂದಂತೆ ಊಹಿಸುವವನು ಬದುಕಬಾರದೆಂದು ಕತ್ತಿಯ ಮಾತು ಸೇರಿಸಿದವನು ರಾಜ.

ಕುಂಬಾರರ ಮುದ್ದ ಆಸ್ಥಾನಕ್ಕೆ ಬಂದಾಗ ಅವನಿಗಿಂತ ಮುಂದೆ ಇಬ್ಬರು ನಿಂತಿದ್ದರು: ಆಸ್ಥಾನದ ಪಂಡಿತರೊಬ್ಬರು, ರಾಜನ ದಾಯಾದಿಯೊಬ್ಬ. ಪರದೆಯ ಹಿಂದಿನಿಂದ ರಾಣಿಯ ಸೋತ ದನಿ ಬಂತು: “ಕೊಟ್ಟಷ್ಟೂ ತುಂಬುತ್ತದೆ. ಕೊಡದೆ ಇಟ್ಟುಕೊಂಡರೆ ಇಟ್ಟುಕೊಂಡವರನ್ನೇ ಸುಡುತ್ತದೆ. ಅದೇನು?”

“ವಿದ್ಯೆ,” ಎಂದರು ಪಂಡಿತರು ನಗುತ್ತ.

“ವಿದ್ಯೆ ಬಚ್ಚಿಟ್ಟುಕೊಂಡವರು ಎಷ್ಟೋ ಜನ ತಣ್ಣಗೇ ಇದ್ದಾರೆ,” ಎಂದಳು ರಾಣಿ. ಭಟರು ಅವರನ್ನು ಎಳೆದೊಯ್ದರು.

“ಬಾವಿ,” ಎಂದ ರಾಜನ ದಾಯಾದಿ. ಸೇದದ ಬಾವಿ ಪಾಚಿಗಟ್ಟೀತೇ ಹೊರತು ಸುಡದು. ಅವನೂ ಹೋದ.

ಮುದ್ದ ಪರದೆಯ ಕಡೆ ಕೈಮುಗಿದ. “ಎದೆಹಾಲು, ತಾಯೀ,” ಎಂದ.

ಸಭೆ ತಲೆ ತಗ್ಗಿಸಿತು. ರಾಜನ ಕೈ ಕತ್ತಿಯ ಹಿಡಿಗೆ ಹೋಯಿತು.

“ಸರಿ,” ಎಂದಳು ರಾಣಿ. “ಈಗ ನನ್ನ ಮನೆಯಲ್ಲಿ ಹೊಗೆಯಿಲ್ಲದ ಬೆಂಕಿ ಹೊತ್ತಿದೆ. ಒಳಗೆ ಕಾಲಿಡದೆ, ಗೋಡೆ ಮುಟ್ಟದೆ, ಅದು ಯಾವ ಮೂಲೆಯಲ್ಲಿದೆ ಅಂತ ಹೇಗೆ ಕಾಣುವೆ?”

“ತೆಳು ಬಟ್ಟೆಯನ್ನು ಜೇಡಿಮಣ್ಣಿನ ನೀರಲ್ಲಿ ಅದ್ದಿ ಎದೆಗೆ ಹೊದ್ದುಕೊಳ್ಳಿ. ಬೆಂಕಿ ಇದ್ದ ಕಡೆ ಮಣ್ಣು ಮೊದಲು ಒಣಗಿ ಬೆಳ್ಳಗಾಗುತ್ತದೆ.”

ದಾಸಿಯರು ಹಾಗೇ ಮಾಡಿದರು. ಸ್ವಲ್ಪ ಹೊತ್ತಿಗೆ ಮುದಿ ದಾಸಿಯೊಬ್ಬಳು ಹೊರಬಂದು, “ಎಡಗಡೆ ವೀಳ್ಯದೆಲೆಯಷ್ಟಗಲ ಬೆಳ್ಳಗಾಗಿದೆ,” ಎಂದಳು.

“ಇದು ನಿನಗೆ ಹೇಗೆ ಗೊತ್ತೋ?” ರಾಜ ಕೇಳಿದ.

“ನನ್ನ ಹೆಂಡತಿ ದೇವೀರಿಗೂ ಹೀಗೇ ಜ್ವರ ಬಂದಿತ್ತು, ಬುದ್ಧೀ. ತಂಪಾಗಲಿ ಅಂತ ಮಣ್ಣಿನ ಬಟ್ಟೆ ಹೊದಿಸ್ತಿದ್ದೆ. ಒಂದು ಕಡೆ ಮಾತ್ರ ಬೇಗ ಒಣಗೋದು. ನೋಡಿದೆ, ಅರ್ಥವಾಗಲಿಲ್ಲ. ಹಾಲು ಕೆಟ್ಟಿದೆ ಅಂತ ನಮ್ಮವ್ವ ಮಗುವನ್ನು ಬಿಡಿಸಿದಳು. ಅಲ್ಲಿಂದ ಆ ಬಿಳಿ ಜಾಗ ದಿನದಿನಕ್ಕೂ ದೊಡ್ಡದಾಯಿತು. ದೇವೀರಿ ಉಳಿಯಲಿಲ್ಲ.”

ಪರದೆಯ ಹಿಂದಿನಿಂದ ರಾಣಿ ಮೂರನೆಯದನ್ನು ಕೇಳಿದಳು: “ಆ ಬೆಂಕಿ ಆರಿಸಬಲ್ಲವನಿಗೆ ಹಲ್ಲಿಲ್ಲ, ನಡೆಯಲಾರ. ಅವನನ್ನು ನನ್ನಿಂದ ದೂರ ಇಟ್ಟಿದ್ದಾರೆ. ಯಾರವನು?”

ವೈದ್ಯರ ಮಾತು ಕೇಳಿ ಕೂಸನ್ನು ಸಾಕುದಾದಿಯ ಮನೆಗೆ ಕಳಿಸಿದವನು ರಾಜನೇ. ಉತ್ತರ ಹೇಳಿದರೆ ಅವನ ಮೇಲೆ ತಪ್ಪು ಹೊರಿಸಿದಂತೆ. ಮುದ್ದ ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟ: “ನಿಮ್ಮ ಕೂಸು, ತಾಯೀ. ತರಿಸಿಕೊಳ್ಳಿ. ನೋವಾದರೂ ಎಡಗಡೆಯೇ ಕುಡಿಸಿ.”

ರಾಜ ಕತ್ತಿಯ ಹಿಡಿ ಬಿಟ್ಟ. ಕೂಸು ಬಂತು. ಬಿಳಿ ಜಾಗ ದಿನದಿನಕ್ಕೆ ಕುಗ್ಗಿತು, ಜ್ವರ ಬಿಟ್ಟಿತು.

ಮುದ್ದನಿಗೆ ಶಾಲು ಹೊದಿಸಿ, ಊರು ಉಂಬಳಿ ಕೊಟ್ಟರು. ಹೊರಬರುವಾಗ ಕೋಟೆಬಾಗಿಲಲ್ಲಿ ಪಂಡಿತರ ಹೆಂಡತಿ ಕುಳಿತಿದ್ದಳು. ಅವಳ ಮುಖ ನೋಡಲಾಗದೆ ದಾಟಿ ಬಂದ.

ಮನೆಯಲ್ಲಿ ಅವ್ವ ಮೊಮ್ಮಗಳಿಗೆ ಒಳಲೆಯಲ್ಲಿ ಆಡಿನ ಹಾಲು ಕುಡಿಸುತ್ತಿದ್ದಳು. ನಡೆದದ್ದನ್ನೆಲ್ಲ ಕೇಳಿದವಳು ಒಳಲೆಯನ್ನು ಕೆಳಗಿಟ್ಟಳು.

“ಹಾಗಾದರೆ ಮುದ್ದಾ, ಅವತ್ತು ನಾನು ಮಗುವನ್ನು ಬಿಡಿಸದೇ ಇದ್ದಿದ್ದರೆ…”

“ಇಲ್ಲವ್ವಾ,” ಎಂದ ಮುದ್ದ. “ಅವಳದು ಬೇರೆ ಜ್ವರ.”

ಅವಳು ನಂಬಿದಳೋ ಇಲ್ಲವೋ, ಮತ್ತೆಂದೂ ಕೇಳಲಿಲ್ಲ.