ಘಮಘಮಿಸಿದ ಕಸದ ಲಾರಿ

"ಬುದ್ಧಿ, ಕಿರಿಯರನ್ನು ತಿದ್ದುವ ಕೆಲಸ ಮುಗಿಯಿತು. ಇನ್ನು ನನ್ನನ್ನು ಶಾಖಾಮಠಕ್ಕೆ ಹಿರಿಯನನ್ನಾಗಿ ಕಳಿಸಬಹುದಲ್ಲವೇ?"

ಹೀಗೆ ಗುರುಗಳನ್ನು ಕೇಳಿದವನು ಅವರ ಹಿರಿಯ ಶಿಷ್ಯ ಗುರುಮಲ್ಲ. ಮಠದಲ್ಲಿ ಕಿರಿಯ ಶಿಷ್ಯರು ತಮ್ಮ ತಮ್ಮ ತಪ್ಪುಗಳನ್ನು ಸಂಜೆ ಅವನ ಮುಂದೆ ಕುಳಿತು ಹೇಳಿಕೊಳ್ಳಬೇಕು. ಅವನು ಕೇಳಿ ತಿದ್ದಬೇಕು. ಗುರುಗಳೇ ಹಾಗೆ ಗೊತ್ತುಮಾಡಿದ್ದರು.

"ಮುಗಿಯಿತೇ? ಇಷ್ಟು ಬೇಗ?" ಎಂದರು ಗುರುಗಳು.

"ಮುಗಿಯಿತು ಬುದ್ಧಿ. ಮೊದಮೊದಲು ಕಿವಿಯಲ್ಲಿ ಕೇಳುವ ಹಾಗಿರಲಿಲ್ಲ. ಒಬ್ಬ ಉಗ್ರಾಣದ ಬೆಲ್ಲ ಕದ್ದೆ ಎನ್ನುವನು. ಒಬ್ಬ ಗೆಳೆಯನಿಗೆ ಹೊಡೆದೆ ಎನ್ನುವನು. ಒಬ್ಬನಂತೂ 'ನಿಮ್ಮನ್ನು ಕಂಡರೆ ನನಗಾಗುವುದಿಲ್ಲ' ಎಂದು ನನ್ನ ಮುಖಕ್ಕೇ ಹೇಳಿದ. ಈಗ ನೋಡಿ. ನೆನ್ನೆ ಒಬ್ಬ, ಹೂ ಕೊಯ್ಯುವಾಗ ಗಿಡಕ್ಕೆ ನೋವಾಯಿತೇನೋ ಎಂದು ಕಣ್ಣೀರು ಹಾಕಿದ. ಇನ್ನೊಬ್ಬ, ಧ್ಯಾನದಲ್ಲಿ ಮೈಮರೆತು ಊಟದ ಗಂಟೆ ಕೇಳಿಸಲಿಲ್ಲ, ಕ್ಷಮಿಸಿ ಎಂದ. ಮಿಕ್ಕವರಿಗೆ ಹೇಳಿಕೊಳ್ಳಲು ತಪ್ಪೇ ಇಲ್ಲ."

"ಹೇಗೆ ತಿದ್ದಿದೆ?"

"ಸುಲಭ ಬುದ್ಧಿ. ಸಂಜೆ ನನಗೆ ಹೇಳಿದ್ದನ್ನು ಊಟದ ಪಂಕ್ತಿಯಲ್ಲಿ ಎಲ್ಲರಿಗೂ ಕೇಳುವಂತೆ ನಾನು ಹೇಳುತ್ತಿದ್ದೆ."

ಗುರುಗಳು ಅವನನ್ನು ನೋಡಿದರು. "ಕುಳಿತುಕೋ. ಒಂದು ಕತೆಯಿದೆ. ಸ್ವಲ್ಪ ನಾರುವ ಕತೆ. ತಡೆದುಕೋ" ಎಂದು ಹೇಳತೊಡಗಿದರು.

ಒಂದು ಊರು. ಆ ಊರಿನಲ್ಲಿ ಕಸದ ಲಾರಿಯ ಚಾಲಕ ಒಬ್ಬನಿದ್ದ. ಬೆಳಗಾದರೆ ಲಾರಿ ಹತ್ತುವುದು, ಮನೆಮನೆಯ ಕಸ ತುಂಬಿಸಿಕೊಳ್ಳುವುದು, ಊರಾಚೆ ಸುರಿದು ಬರುವುದು, ಇದು ಅವನ ಕೆಲಸ. ಬಕೆಟ್ಟು ಎತ್ತಿ ಸುರಿಯಲು ಲಾರಿಯ ಹಿಂದೆ ಒಬ್ಬ ಹೆಂಗಸು ನಿಂತಿರುತ್ತಿದ್ದಳು. ಅವಳು ಲಾರಿಯ ಮೈಗೆ ಒಂದು ಸಲ ಬಡಿದರೆ ನಿಲ್ಲು ಎಂದರ್ಥ. ಎರಡು ಸಲ ಬಡಿದರೆ ಹೊರಡು ಎಂದರ್ಥ.

ಲಾರಿ ಓಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಇಕ್ಕಟ್ಟು ಬೀದಿ, ಅಡ್ಡ ನಿಲ್ಲಿಸಿದ ಸ್ಕೂಟರು, ನಡುವೆ ಮಲಗಿದ ಹಸು, ಬಾಗಿಲ ಮುಂದೆ ರಂಗೋಲಿ. ಇಷ್ಟರ ಮಧ್ಯೆ ಲಾರಿಯನ್ನು ಹಿಂದಕ್ಕೆ ತಂದು ನಿಲ್ಲಿಸುತ್ತಿದ್ದ. ಹಸು ಏಳುತ್ತಿರಲಿಲ್ಲ, ರಂಗೋಲಿ ಅಳಿಸುತ್ತಿರಲಿಲ್ಲ. ಲಾರಿಯ ಬ್ರೇಕು ಅಷ್ಟು ಚೆನ್ನಾಗಿತ್ತು. ನಾಲಗೆಗೆ ಮಾತ್ರ ಬ್ರೇಕು ಇರಲಿಲ್ಲ.

ಅವನು ದಿನಗೂಲಿಯವನು. ಎಷ್ಟೋ ವರ್ಷದಿಂದ ದಿನಗೂಲಿಯವನೇ. ಜ್ವರ ಬಂದು ಮಲಗಿದರೆ ಆ ದಿನ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಹೀಗಿರುವಾಗ ಒಂದು ದಿನ ಪುರಸಭೆಯ ಮುಖ್ಯಾಧಿಕಾರಿ ಚಾಲಕರನ್ನೆಲ್ಲ ಕರೆಸಿ, "ಯಾರ ಬೀದಿ ಎಲ್ಲಕ್ಕಿಂತ ಚೊಕ್ಕಟವಾಗಿದೆಯೋ ಅವನ ಕೆಲಸ ಖಾಯಂ. ದಸರೆ ಮುಗಿದ ಮೇಲೆ ನಾನೇ ಬಂದು ನೋಡುತ್ತೇನೆ" ಎಂದ. ಚಾಲಕನಿಗೆ ಅಂದಿನಿಂದ ನಿಂತರೂ ಕುಳಿತರೂ ಅದೇ ಧ್ಯಾನ. ಖಾಯಂ ಆಗುವುದೆಂದರೆ ಅವನಿಗೆ ಮೋಕ್ಷ. ಒಬ್ಬೊಬ್ಬರಿಗೆ ಒಂದೊಂದು ಮೋಕ್ಷ, ಅದರಲ್ಲಿ ತಪ್ಪೇನಿಲ್ಲ.

ಬೀದಿಯನ್ನು ಚೊಕ್ಕಟ ಮಾಡುವುದು ಹೇಗೆ? ಅವನು ಯೋಚಿಸಿದ. ಜನಕ್ಕೆ ನಾಚಿಕೆಯಿಲ್ಲ, ಅದಕ್ಕೇ ಇಷ್ಟು ಹೊಲಸು. ನಾಚಿಕೆ ಕಲಿಸಿದರೆ ಸರಿಹೋಗುತ್ತಾರೆ. ಲಾರಿಗೆ ಪುರಸಭೆಯವರು ಒಂದು ಮೈಕು ಹಾಕಿಸಿದ್ದರು. ಅದರಲ್ಲಿ ಹಾಡು ಬರುತ್ತಿತ್ತು, ಹಾಡು ಕೇಳಿ ಜನ ಬಕೆಟ್ಟು ಹಿಡಿದು ಬರುತ್ತಿದ್ದರು. ಚಾಲಕ ಹಾಡು ನಿಲ್ಲಿಸಿ ಮೈಕನ್ನು ತಾನೇ ಹಿಡಿದ.

ಆಗ ಶ್ರಾವಣ ಮಾಸ. ಮೊದಲು ಸಿಕ್ಕಿದವರು ಶಾಲೆಯ ಮೇಷ್ಟ್ರು. "ಮೇಷ್ಟ್ರೇ, ನೆನ್ನೆ ಶ್ರಾವಣ ಸೋಮವಾರ. ನಿಮ್ಮ ಬಕೆಟ್ಟಲ್ಲಿ ಕೋಳಿ ಮೂಳೆ ಅದೆ. ಕೋಳಿ ತಾನಾಗೇ ಬಂದು ಬಿತ್ತಾ?"

ಬೀದಿಯೆಲ್ಲ ನಕ್ಕಿತು. ಮೇಷ್ಟ್ರು ಬಾಗಿಲು ಹಾಕಿಕೊಂಡರು.

ಮಾರನೆಯ ದಿನ ಮಂಡಿ ಸಾಹುಕಾರ. "ಸಾವ್ಕಾರ್ರೇ, ಬೇಳೇಲಿ ಹುಳ ಓಡಾಡ್ತಾ ಅವೆ. ಇವು ಮಾರೋಕೆ ಮುಂಚೆ ಹುಟ್ಟಿದವಾ, ಆಮೇಲಾ?" ಬೀದಿ ಮತ್ತೆ ನಕ್ಕಿತು. ಹಿಂದಿನ ದಿನ ಬಾಗಿಲು ಹಾಕಿಕೊಂಡಿದ್ದ ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕರು.

ಅದರ ಮಾರನೆಯ ದಿನ ಮೂಲೆ ಮನೆಯ ಸೊಸೆ. ಮದುವೆಯಾಗಿ ತಿಂಗಳೂ ತುಂಬಿರಲಿಲ್ಲ. "ಸೊಸೆಮ್ಮ, ಇವತ್ತೂ ಉಪ್ಪಿಟ್ಟು ತಳ ಹತ್ತಿಸಿದ್ದೀಯಲ್ಲ. ನಿಮ್ಮ ತವರಲ್ಲಿ ಒಲೆ ಇರಲಿಲ್ವಾ?" ಬೀದಿ ಇದಕ್ಕೂ ನಕ್ಕಿತು. ಆ ಹೆಣ್ಣುಮಗಳು ಬಕೆಟ್ಟನ್ನು ರಸ್ತೆಯಲ್ಲೇ ಬಿಟ್ಟು ಒಳಗೆ ಓಡಿದಳು. ಅವಳ ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಒಳಗೆ ಏನಾಯಿತೋ ಶಿವನಿಗೇ ಗೊತ್ತು. ಲಾರಿಯ ಹಿಂದಿದ್ದ ಹೆಂಗಸು ಮಾತ್ರ ನಗಲಿಲ್ಲ. ಬಕೆಟ್ಟು ಬರಿದು ಮಾಡಿ, ಒಯ್ದು ಜಗಲಿಯ ಮೇಲಿಟ್ಟು ಬಂದಳು.

ಚಾಲಕನ ಉಪಾಯ ಫಲಿಸಿತು. ಎಷ್ಟು ಫಲಿಸಿತೆಂದರೆ ಅವನಿಗೇ ಆಶ್ಚರ್ಯ. ಮೇಷ್ಟ್ರ ಬಕೆಟ್ಟಿನಲ್ಲಿ ಬಾಳೆಹಣ್ಣಿನ ಸಿಪ್ಪೆ ಬಿಟ್ಟು ಬೇರೇನೂ ಬರಲಿಲ್ಲ. ಸಾಹುಕಾರನ ಬಕೆಟ್ಟಿನಲ್ಲಿ ಅನಾನಸಿನ ಸಿಪ್ಪೆ ಬಂತು, ಅದರ ಮೇಲೆ ದೊಡ್ಡ ಅಂಗಡಿಯ ಮಿಠಾಯಿ ಡಬ್ಬಿ ಬಂತು. ಡಬ್ಬಿಯ ಮೇಲಿನ ಅಂಗಡಿಯ ಹೆಸರು ಕಾಣುವ ಹಾಗೆ ಇಟ್ಟಿದ್ದ. ಇದನ್ನು ಕಂಡು ಎದುರು ಮನೆಯಾಕೆ ಸುಮ್ಮನಿರುತ್ತಾಳೆಯೇ? ಹಿತ್ತಲಲ್ಲಿ ಆಗತಾನೇ ಅರಳಿದ ಸಂಪಿಗೆಯನ್ನು ಕಿತ್ತು ಬಕೆಟ್ಟಿಗೆ ಹಾಕಿದಳು. ಇನ್ನೊಬ್ಬಾಕೆ ಮೊಟ್ಟೆಯ ಚಿಪ್ಪನ್ನು ತೊಳೆದು, ಒರೆಸಿ ಕೊಟ್ಟಳು. ಮತ್ತೊಬ್ಬಾಕೆ ನೆಂಟರ ಮನೆಯಿಂದ ಸೇಬಿನ ಸಿಪ್ಪೆ ಕಡ ತಂದಳು. ಕಡ ತಂದದ್ದನ್ನು ತೀರಿಸಬೇಕಲ್ಲ, ತಮ್ಮ ಮನೆಗೆ ಸೇಬು ತರಿಸಿದ ದಿನ ಸಿಪ್ಪೆ ಕಳಿಸಿಕೊಟ್ಟಳು.

ಲಾರಿ ದಿನದಿಂದ ದಿನಕ್ಕೆ ಹಗುರಾಯಿತು. ಹೊರೆಯಿಲ್ಲದ ಲಾರಿ ರಸ್ತೆಯ ಉಬ್ಬಿನ ಮೇಲೆ ಕುಣಿಯುತ್ತದೆ. ಲಾರಿಗೂ ಸಂತೋಷವಾಗಿದೆ ಎಂದುಕೊಂಡ ಚಾಲಕ.

ಹಿಂದಿದ್ದ ಹೆಂಗಸು ಒಂದು ದಿನ ಕಿಟಕಿಯ ಬಳಿ ಬಂದು ಕೇಳಿದಳು. "ಅಣ್ಣ, ಲಾರಿ ತುಂಬ್ತಾನೇ ಇಲ್ಲ. ಉಣ್ಣೋ ಬಾಯಿ ಅಷ್ಟೇ ಅವೆ. ಮತ್ತೆ ಕಸ ಎಲ್ಲಿಗೋಯ್ತು?"

"ಜನ ತಿದ್ಕೊಂಡವ್ರೆ ಕಣವ್ವ. ನಿನಗೆ ಎತ್ತೋದು ಕಮ್ಮಿ ಆಯ್ತು ಅಂತ ಹೊಟ್ಟೆನೋವಾ?"

ಅವಳು ಹಿಂದಕ್ಕೆ ಹೋಗಿ ಎರಡು ಸಲ ಬಡಿದಳು. ಲಾರಿ ಹೊರಟಿತು.

ಕಸ ಎಲ್ಲಿಗೂ ಹೋಗಿರಲಿಲ್ಲ. ಕಸಕ್ಕೆ ಕಾಲಿಲ್ಲ, ಅದು ಹೋಗುವುದಾದರೂ ಎಲ್ಲಿಗೆ? ಸಾಹುಕಾರ ಹುಳುಕು ಬೇಳೆಯ ಮೂಟೆಯನ್ನು ಅತ್ತೆಯ ಮಂಚದ ಕೆಳಗೆ ತಳ್ಳಿದ್ದ. ಅತ್ತೆಗೆ ವಯಸ್ಸಾಗಿ ವಾಸನೆ ತಿಳಿಯುತ್ತಿರಲಿಲ್ಲ. ಎದುರು ಮನೆಯಾಕೆ ಕೊಳೆತದ್ದನ್ನೆಲ್ಲ ಬೀದಿಯ ಪಾಳು ಬಾವಿಗೆ ಹಾಕುತ್ತಿದ್ದಳು, ಬೇರೆಯವರೂ ಹಾಕುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ. ಬೇರೆಯವರಿಗೂ ಅವಳ ವಿಷಯ ಗೊತ್ತಿರಲಿಲ್ಲ. ವರ್ಷಗಟ್ಟಲೆ ಕಸದ ನಡುವೆ ಪಳಗಿದ ಚಾಲಕನ ಮೂಗಿಗೆ ಆ ನಾತ ತಿಳಿಯಲೇ ಇಲ್ಲ. ಮೂಲೆ ಮನೆಯ ಸೊಸೆ ಸೀದ ಅನ್ನವನ್ನು, ತಳ ಹತ್ತಿದ ಉಪ್ಪಿಟ್ಟನ್ನು ಅತ್ತೆಗೂ ಕಾಣದಂತೆ ಹಳೆ ಪಾತ್ರೆಯಲ್ಲಿ ತುಂಬಿ ಸೌದೆಯ ಹಿಂದೆ ಅಡಗಿಸಿದ್ದಳು. ಮೇಷ್ಟ್ರು ಕೋಳಿ ಮೂಳೆಯನ್ನು ಪುಸ್ತಕದ ಚೀಲದಲ್ಲಿಟ್ಟು ಶಾಲೆಯ ಹಿಂದೆ ಹೂಳಲು ಒಯ್ಯುತ್ತಿದ್ದರು. ಬೀದಿನಾಯಿಗಳು ಶಾಲೆಯವರೆಗೂ ಅವರ ಹಿಂದೆ ಹೋಗತೊಡಗಿದವು. ನಮ್ಮ ಮೇಷ್ಟ್ರ ಪಾಠಕ್ಕೆ ನಾಯಿಗಳೂ ಬರುತ್ತವೆ ಎಂದು ಊರವರು ಹೆಮ್ಮೆಪಟ್ಟರು.

ದಸರೆ ಮುಗಿಯಿತು. ಮುಖ್ಯಾಧಿಕಾರಿ ಬರುವ ದಿನ ಬಂತು. ಚಾಲಕ ಲಾರಿ ತೊಳೆದು, ಮಾವಿನ ತೋರಣ ಕಟ್ಟಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಬೀದಿಯ ಕಸವನ್ನೆಲ್ಲ ತುಂಬಿಸಿಕೊಂಡು ಬೀದಿಯ ತುದಿಯಲ್ಲಿ ನಿಲ್ಲಿಸಿದ್ದ. ಹೆಂಡತಿ ಒಗೆದು ಕೊಟ್ಟ ಅಂಗಿ ತೊಟ್ಟಿದ್ದ. ಸಂಜೆ ಮನೆಗೆ ಹೋಗಿ ಖಾಯಂ ಆಯಿತು ಎಂದು ಹೇಳುವ ಮಾತನ್ನು ಬಾಯಲ್ಲೇ ಇಟ್ಟುಕೊಂಡಿದ್ದ.

ಅಧಿಕಾರಿ ಲಾರಿಯೊಳಗೆ ಇಣುಕಿ ನೋಡಿದ. ಸಂಪಿಗೆ, ಸೇಬಿನ ಸಿಪ್ಪೆ, ಮಿಠಾಯಿ ಡಬ್ಬಿ, ತೊಳೆದ ಮೊಟ್ಟೆ ಚಿಪ್ಪು. ಉಸಿರೆಳೆದುಕೊಂಡು, "ಏನಯ್ಯಾ ಇದು, ಘಮಘಮ ಅನ್ನುತ್ತಿದೆ!" ಎಂದ.

"ನಮ್ಮ ಬೀದಿ ಅಂದ್ರೆ ಹಂಗೇ ಸಾರ್" ಎಂದು ಚಾಲಕ ಕೈಮುಗಿದ.

ಅಧಿಕಾರಿ ಬೀದಿಯೊಳಗೆ ಕಾಲಿಟ್ಟ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಕರವಸ್ತ್ರ ತೆಗೆದ. ಪಾಳು ಬಾವಿಯ ಹತ್ತಿರ ಬಂದಾಗ ಕರವಸ್ತ್ರ ಸಾಲದೆ ತೋಳನ್ನೇ ಅಡ್ಡ ಹಿಡಿದ. ಸಾಹುಕಾರನ ಮನೆಯ ಕಿಟಕಿಯಿಂದ ನುಸಿ ಹೊರಡುತ್ತಿತ್ತು. ಅಷ್ಟರಲ್ಲಿ ಮೇಷ್ಟ್ರು ಶಾಲೆಗೆ ಹೊರಟರು, ಹಿಂದೆ ನಾಯಿಗಳ ಹಿಂಡು ಹೊರಟಿತು. ಅಧಿಕಾರಿ ಹಿಂದೆ ತಿರುಗಿ ಓಡಿದ ಹಾಗೆ ನಡೆದು ಲಾರಿಯ ಬಳಿ ಬಂದು, ಅಲ್ಲಿ ಉಸಿರು ಬಿಟ್ಟ.

"ಒಂದು ಕೆಲಸ ಮಾಡಯ್ಯಾ. ಲಾರಿಯನ್ನು ಇಲ್ಲೇ ಬಿಡು, ಪರವಾಗಿಲ್ಲ. ಬೀದಿಯನ್ನು ತುಂಬಿಸಿಕೊಂಡು ಹೋಗಿ ಊರಾಚೆ ಸುರಿದು ಬಾ" ಎಂದು ಹೇಳಿ ಜೀಪು ಹತ್ತಿದ. ಖಾಯಂ ಮಾತು ಜೀಪಿನ ಜೊತೆಗೇ ಹೋಯಿತು.

ಚಾಲಕ ಲಾರಿಯ ಮೆಟ್ಟಿಲ ಮೇಲೆ ಕುಸಿದು ಕುಳಿತ. ದುಃಖ ಉಕ್ಕಿ ಬಂತು. ಎದ್ದು ಮೈಕು ಹಿಡಿದು ಕೂಗಿದ. "ಎಲ್ಲಾ ತಂದು ಕೊಟ್ಬಿಡ್ರಪ್ಪ! ನಾನೇನೂ ಅನ್ನಲ್ಲ!"

ಮೈಕು ಗೊರಗುಟ್ಟಿದ್ದೇ ತಡ, ತೆರೆದಿದ್ದ ಬಾಗಿಲುಗಳೂ ಮುಚ್ಚಿಕೊಂಡವು.

"ಅಣ್ಣ," ಎಂದಳು ಹಿಂದಿನ ಹೆಂಗಸು, "ಏನೂ ಅನ್ನಲ್ಲ ಅನ್ನೋದನ್ನೂ ಮೈಕಲ್ಲೇ ಅನ್ನಬೇಕಾ?"

ಚಾಲಕ ಕೈಯಲ್ಲಿದ್ದ ಮೈಕನ್ನು ನೋಡಿದ. ಅದರ ವೈರು ಕಿತ್ತ. ಹಸಿ ಕಸಕ್ಕೆ ಹಾಕಬೇಕೋ ಒಣ ಕಸಕ್ಕೆ ಹಾಕಬೇಕೋ ಎಂದು ಒಂದು ಗಳಿಗೆ ಯೋಚಿಸಿ, ಒಣ ಕಸಕ್ಕೆ ಹಾಕಿದ.

ಮರುದಿನ ಬೆಳಿಗ್ಗೆ ಲಾರಿ ಸದ್ದಿಲ್ಲದೆ ಬಂದು ಮೂಲೆ ಮನೆಯ ಮುಂದೆ ನಿಂತಿತು. ಬಹಳ ಹೊತ್ತಿನ ಮೇಲೆ ಸೊಸೆ ಬಾಗಿಲು ಸರಿಸಿ ಇಣುಕಿದಳು. ಸೆರಗಿನಲ್ಲಿ ಒಂದು ಪಾತ್ರೆ ಮುಚ್ಚಿಕೊಂಡಿದ್ದಳು. ಹೊಸ್ತಿಲು ದಾಟಲು ಕಾಲು ಬರುತ್ತಿಲ್ಲ. ಚಾಲಕನ ಪಕ್ಕದಲ್ಲಿ ಕನ್ನಡಿಯಿತ್ತು. ಲಾರಿಯ ಹಿಂದೆ ಯಾರು ಏನು ಸುರಿದರೂ ಅದರಲ್ಲಿ ಕಾಣುತ್ತದೆ. ಅವಳ ಕಣ್ಣು ಆ ಕನ್ನಡಿಯ ಮೇಲಿತ್ತು.

ಚಾಲಕ ಕೈ ಹೊರಗೆ ಹಾಕಿ ಕನ್ನಡಿಯನ್ನು ಆಕಾಶದ ಕಡೆಗೆ ತಿರುಗಿಸಿದ.

ಹಿಂದೆ ಪಾತ್ರೆ ಸುರಿದ ಸದ್ದಾಯಿತು. ಆಮೇಲೆ ಒಂದು ಬಾಗಿಲು ತೆರೆದ ಸದ್ದಾಯಿತು, ಇನ್ನೊಂದು ತೆರೆಯಿತು. ಬಹಳ ಭಾರದ ಒಂದು ಮೂಟೆ ಬಿತ್ತು. ನಾಯಿಗಳು ಬೊಗಳಿದವು. ಚಾಲಕ ತಿರುಗಲಿಲ್ಲ. ಎಂಥ ನಾಲಗೆಯಾದರೂ ತುರಿಸುವ ಹೊತ್ತು ಅದು. ಹಲ್ಲು ಕಚ್ಚಿಕೊಂಡು ಕುಳಿತ. ಎರಡು ಸಲ ಬಡಿದ ಸದ್ದು ಕೇಳಿದಾಗ ಕನ್ನಡಿ ನೋಡದೆಯೇ ಲಾರಿ ನಡೆಸಿದ.

ಆ ದಿನ ಉಬ್ಬಿನ ಮೇಲೆ ಲಾರಿ ಕುಣಿಯಲಿಲ್ಲ, ನರಳಿತು. ಲಾರಿ ಹೋದ ದಾರಿಯುದ್ದಕ್ಕೂ ಜನ ಮೂಗು ಮುಚ್ಚಿಕೊಂಡು ಬೈದರು. ಆ ಬೈಗುಳ ಚಾಲಕನ ಕಿವಿಗೆ ಓಲಗದ ಹಾಗೆ ಕೇಳಿಸಿತು.

ಗುರುಗಳು ಇಲ್ಲಿಗೆ ಕತೆ ಮುಗಿಸಿದರು.

"ಆಮೇಲೆ ಅವನಿಗೆ ಖಾಯಂ ಆಯಿತೇ ಬುದ್ಧಿ?" ಎಂದು ಕೇಳಿದ ಗುರುಮಲ್ಲ.

"ಆ ವರ್ಷ ಆಗಲಿಲ್ಲ. ಬೀದಿಯಲ್ಲಿ ಉಸಿರಾಡಬಹುದಾಗಿತ್ತು, ಅಷ್ಟೇ."

ಗುರುಮಲ್ಲ ತಲೆದೂಗಿದ. "ಒಳ್ಳೆಯ ಕತೆ ಬುದ್ಧಿ. ಆ ಚಾಲಕನಿಗೆ ಮೊದಲೇ ಬುದ್ಧಿ ಇರಬೇಕಾಗಿತ್ತು. ಅದಿರಲಿ, ನನ್ನ ಶಾಖಾಮಠದ ಮಾತು ಏನಾಯಿತು?"

ಗುರುಗಳು ಅವನ ಕಡೆಗೆ ಸ್ವಲ್ಪ ಬಾಗಿ, ಮೂಗರಳಿಸಿ ಒಂದು ಸಲ ಉಸಿರೆಳೆದುಕೊಂಡರು.

"ನಿನ್ನ ಲಾರಿಯಿಂದ ಇನ್ನೂ ಸಂಪಿಗೆಯ ವಾಸನೆ ಬರುತ್ತಿದೆಯಲ್ಲಪ್ಪ."