ಅಕ್ಷತೆ ಬಿದ್ದ ಹಕ್ಕಿ

ನೇಮಣ್ಣನೆಂಬ ಶಿಷ್ಯ ಕೇಳಿದ: "ಗುರುಗಳೇ, ಅಪರೂಪದ್ದೊಂದನ್ನು ಕಣ್ಣಾರೆ ಕಾಣಬೇಕೆಂದು ಆಸೆಪಟ್ಟರೆ ತಪ್ಪೇನು? ನೋಡಿದ ಮಾತ್ರಕ್ಕೆ ಯಾರ ಗಂಟೇನು ಹೋಗುತ್ತದೆ?"

ಗುರು ಹೇಳಿದರು:

ಒಬ್ಬ ಬೆಲ್ಲದ ವರ್ತಕನಿದ್ದ. ಅವನ ತಂದೆ ಉತ್ತರದ ಹಿಮದ ನಾಡಿಗೆ ಹೋಗಿ ಬಂದವನು. ಅಲ್ಲಿ ಕಂಡ ಕೆಂಪು ಮೊಗದ, ಎದೆಯೆತ್ತರದ ಬಿಳಿಯ ಹಕ್ಕಿಯ ಮಾತನ್ನು ಸಾಯುವವರೆಗೂ ಆಡಿದ. ಮಗನಿಗೂ ಅದೇ ಹುಚ್ಚು ಹಿಡಿಯಿತು. ಆ ಹಕ್ಕಿ ನಮ್ಮ ಕಡೆ ಬರುವಂಥದ್ದಲ್ಲ. ಹುಚ್ಚು ಮನಸ್ಸಿನಲ್ಲೇ ಉಳಿದು ತಲೆ ನರೆಯಿತು.

ಒಂದು ವರ್ಷ, ಗಾಳಿಗೆ ಸಿಕ್ಕಿ ಗುಂಪಿನಿಂದ ಅಗಲಿದ ಅಂಥದೊಂದು ಹಕ್ಕಿ ಮೂರು ದಿನದ ದಾರಿಯಾಚೆಯ ಕೆರೆಯಲ್ಲಿ ಇಳಿಯಿತು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ವರ್ತಕ ಅಂಗಡಿಗೆ ಬೀಗ ಜಡಿದು ಗಾಡಿ ಕಟ್ಟಿದ. ದಾರಿಯಲ್ಲಿ ಎತ್ತುಗಳಿಗೆ ಸರಿಯಾಗಿ ಮೇವು ಹಾಕಲಿಲ್ಲ, ತಾನೂ ಉಣ್ಣಲಿಲ್ಲ.

ಕೆರೆಯ ಏರಿಯ ತುಂಬ ಜನ. ಶುಭವಾದದ್ದನ್ನು ಕಂಡರೆ ಅಕ್ಷತೆ ಹಾಕುವುದು ಆ ಸೀಮೆಯ ಪದ್ಧತಿ. ದೂರದಿಂದ ಬಂದ ಹಕ್ಕಿ ಶುಭವೆಂದು ಯಾರೋ ಹೇಳಿಬಿಟ್ಟಿದ್ದರು. ಹಕ್ಕಿ ದಡಕ್ಕೆ ಬಂದು ಕೊಕ್ಕನ್ನು ನೀರಿಗಿಟ್ಟರೆ ಮೇಲಿನಿಂದ ಅಕ್ಷತೆ ಬೀಳುತ್ತಿತ್ತು. ಅದು ಬೆದರಿ ಆಚೆ ದಡಕ್ಕೆ ಹಾರುತ್ತಿತ್ತು. ಜನರೂ ಆಚೆ ದಡಕ್ಕೆ ಓಡುತ್ತಿದ್ದರು. ಮೀನು ತಿನ್ನುವ ಹಕ್ಕಿಯ ಮುಂದೆ ಸೇರುಗಟ್ಟಲೆ ಅರಿಶಿನದ ಅಕ್ಕಿ ನೆನೆಯುತ್ತ ಬಿದ್ದಿತ್ತು. ಇದನ್ನು ಹೇಳಲೂ ನನಗೆ ನಾಚಿಕೆಯಾಗುತ್ತದೆ.

ಕೆರೆಯ ತೂಬು ಕಾಯುವ ನೀರುಗಂಟಿ ವರ್ತಕನಿಗೆ ಕೈಮುಗಿದ. "ಸ್ವಾಮಿ, ಅದು ದಾರಿ ತಪ್ಪಿ ಬಂದದೆ. ಐದು ದಿನದಿಂದ ಒಂದು ಮೀನೂ ಹಿಡಿದಿಲ್ಲ. ನಾಕು ದಿನ ಸುಮ್ನೆ ಬಿಟ್ರೆ ಸುಧಾರಿಸ್ಕಂಡು ಅದರ ದೇಶಕ್ಕೆ ಹೋಯ್ತದೆ. ನೀವಾದ್ರೂ ದೂರ ನಿಂತ್ಕಳಿ."

"ನಲವತ್ತು ವರ್ಷ ಕಾದಿದ್ದೀನಪ್ಪ. ನಾನೊಬ್ಬ ಹತ್ತಿರ ಹೋದರೆ ಏನಾಗುತ್ತೆ?" ಎಂದು ವರ್ತಕ ಜೊಂಡಿನ ಮರೆಯಲ್ಲಿ ಹೋಗಿ ಕುಳಿತ.

ಮಧ್ಯಾಹ್ನ ಹಕ್ಕಿ ಅವನ ಬಳಿಗೇ ಬಂತು. ನೀರಿನಲ್ಲಿ ಮೀನೊಂದು ಸುಳಿಯಿತು. ಹಕ್ಕಿ ಕತ್ತು ಬಾಗಿಸಿತು. ವರ್ತಕನಿಗೆ ತಂದೆ ನೆನಪಾಗಿ ಕಣ್ಣು ತುಂಬಿ ಬಂತು. ಕೈ ತಾನಾಗಿ ಶಲ್ಯದ ತುದಿಯಲ್ಲಿ ಗಂಟು ಕಟ್ಟಿ ತಂದಿದ್ದ ಅಕ್ಷತೆಗೆ ಹೋಯಿತು. ಅಕ್ಷತೆ ಹಕ್ಕಿಯ ಬೆನ್ನ ಮೇಲೆ ಬಿತ್ತು, ಮೀನು ತಪ್ಪಿಸಿಕೊಂಡಿತು. ಈ ಸಲ ಹಕ್ಕಿ ಹಾರಲಿಲ್ಲ. ರೆಕ್ಕೆಯನ್ನು ಅರ್ಧ ಬಿಚ್ಚಿ ಅಲ್ಲೇ ಕುಸಿದು ಕೂತಿತು.

"ಎಲ್ಲರನ್ನೂ ಬಿಟ್ಟು ಹಾರಿತು, ನನ್ನ ಪೂಜೆಯನ್ನು ಮಾತ್ರ ಒಪ್ಪಿಕೊಂಡಿತು" ಎಂದು ವರ್ತಕ ಅತ್ತ. ಆ ಸಂತೋಷದಲ್ಲೇ ಊರಿಗೆ ಹೊರಟ. ಸಂಜೆ ನೀರುಗಂಟಿ ಸತ್ತ ಹಕ್ಕಿಯನ್ನು ಎತ್ತಿಕೊಂಡಾಗ ಅದು ಹಸುಗೂಸಿನಷ್ಟೂ ಭಾರವಿರಲಿಲ್ಲ. ಏರಿಯ ಪಕ್ಕದಲ್ಲಿ ಹೂತ.

ಇಷ್ಟು ಹೇಳಿ ಗುರು ಕಥೆ ಮುಗಿಸಿದರು. ನೇಮಣ್ಣನಿಗೆ ಸಮಾಧಾನವಾಗಲಿಲ್ಲ. "ಪಾಪ, ಅವನು ಭಕ್ತಿಯಿಂದ ಹಾಕಿದ ಅಕ್ಷತೆ ಅದು. ಅವನೇ ಹಕ್ಕಿಯನ್ನು ಕೊಂದ ಅನ್ನುವುದು ಹೇಗೆ?" ಎಂದ.

"ಅನ್ನಬೇಡ; ಆದರೆ ಆ ಕೆರೆಗೆ ಬೇಟೆಗಾರ ಒಬ್ಬನೂ ಬಂದಿರಲಿಲ್ಲ" ಎಂದರು ಗುರು.